ಹಳೇ ವಿಡಿಯೋ ಗೇಮಿಗೆ ಹೊಸ ಟಿವಿ



ದಕ್ಷಿಣ ಬೆಂಗಳೂರಿನ ಮನೆಗಳಿಂದ ದಪ್ಪ ಟಿವಿಗಳು ಹೊರಟುಹೋಗಿ ವರ್ಷಗಳಾದವು. ಜಯನಗರದ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದಾಗ ಕೆಲವು ಹೋದವು, ಅಂಗಡಿಯ ಎಕ್ಸ್‌ಚೇಂಜಿನಲ್ಲಿ ಕೆಲವು ಹೋದವು, ಮಿಕ್ಕವು ಗುಜರಿಯವರ ಗಾಡಿ ಹತ್ತಿದವು. ಆದರೆ ಅವಕ್ಕೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮು ಅಷ್ಟು ಸುಲಭವಾಗಿ ಮನೆ ಬಿಡಲಿಲ್ಲ. ಸಣ್ಣ ಯಂತ್ರ, ಹಗುರ. ಎರಡು ರಿಮೋಟು, ನಾಲ್ಕಾರು ಕ್ಯಾಸೆಟ್ಟುಗಳ ಜೊತೆ ರಟ್ಟಿನ ಡಬ್ಬ ಸೇರಿ ಲಾಫ್ಟಿನಲ್ಲಿ ಕೂತಿತು. ತೊಂಬತ್ತರ ದಶಕದ ಬೇಸಿಗೆ ರಜೆಯಲ್ಲಿ ಅದರ ಮುಂದೆ ಚಾಪೆ ಹಾಸಿ ಕೂತಿದ್ದ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ತಮ್ಮ ಮಕ್ಕಳಿಗೂ ತೋರಿಸೋಣ ಎಂದು ಡಬ್ಬ ಇಳಿಸುತ್ತಾರೆ. ಗೋಡೆಗೆ ಬಿಗಿದ ಟಿವಿಯ ಹಿಂದೆ ಕೈ ಹಾಕಿದರೆ ಹಳೇ ವೈರಿಗೆ ಹೊಂದುವ ತೂತೇ ಸಿಗುವುದಿಲ್ಲ. ಸಿಕ್ಕರೂ ಚಿತ್ರ ಬರುವುದಿಲ್ಲ, ಚಿತ್ರ ಬಂದರೂ ಆಟ ಕೈಗೆ ಬಗ್ಗುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು, ಇಷ್ಟು ವರ್ಷ ಉಳಿದಿದ್ದನ್ನು ಕಸಕ್ಕೆ ಹಾಕುತ್ತಾರೆ.

ಬಹಳ ಸಲ ಯಂತ್ರ ಕೆಟ್ಟಿರುವುದಿಲ್ಲ. ಅದನ್ನು ಹೇಳಲೆಂದೇ ಇವತ್ತಿನ ಈ ಮಾತು.

ಮೊದಲು, ನಿಮ್ಮ ಡಬ್ಬದಲ್ಲಿ ಇರುವುದು ಯಾವ ಯಂತ್ರ ಎಂದು ನೋಡಬೇಕು. 1983ರ ಜುಲೈನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಅದರ ಅಸಲು ರೂಪ ನಮ್ಮ ಬೀದಿಗಳಿಗೆ ಬಂದದ್ದು ತೀರ ಕಡಿಮೆ. ಬಂದದ್ದು ಅದರ ನಕಲುಗಳು. ತೈವಾನ್, ಚೀನಾದಲ್ಲಿ ತಯಾರಾದ ಚಿಪ್ಪು ಹೊತ್ತು, ಸಮುರಾಯ್ ಎಂದೋ ಮೀಡಿಯಾ ಎಂದೋ ಲಿಟಲ್ ಮಾಸ್ಟರ್ ಎಂದೋ ಹೆಸರಿಟ್ಟುಕೊಂಡು ಬಂದವು. ಹೆಸರು ಹಲವು, ಒಳಗಿನ ಕರುಳು ಒಂದೇ. ಮಾರಿಯೋ, ಕಾಂಟ್ರಾ, ಟ್ಯಾಂಕ್ 1990 ಎಲ್ಲ ನಡೆದದ್ದು ಇವುಗಳಲ್ಲೇ. ನಕಲು ಯಾಕೆ ಇಷ್ಟು ಹಬ್ಬಿತು ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳಬೇಕು. 1995ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರವನ್ನು ಶಾ ವ್ಯಾಲೇಸ್ ಕಂಪನಿ ಭಾರತದಲ್ಲಿ ಮಾರಲು ತಂದಾಗ ಅದರ ಬೆಲೆ 18,000 ರೂಪಾಯಿ. ಆಗಿನ ಸಂಬಳದಲ್ಲಿ ಯಾವ ಗುಮಾಸ್ತರು, ಯಾವ ಮೇಷ್ಟ್ರು ಮಗುವಿಗೆ ಅಷ್ಟು ಕೊಟ್ಟು ತರಬಲ್ಲವರಾಗಿದ್ದರು? ನಕಲು ಯಂತ್ರ ಮಧ್ಯಮ ವರ್ಗದ ಮಕ್ಕಳಿಗೆ ಆಟದ ಬಾಗಿಲು ತೆರೆಯಿತು. ಅದನ್ನು ಕೀಳಾಗಿ ಕಾಣುವವರ ಜೊತೆ ನಾನಿಲ್ಲ.

ಇನ್ನೊಂದು ಬಗೆ ವಿಮಾನದಲ್ಲಿ ಬಂದದ್ದು. ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿ ಬಂದವರು ಬಿಟಿಎಂ ಲೇಔಟಿನಲ್ಲಿ, ಜೆ.ಪಿ. ನಗರದಲ್ಲಿ ಬಹಳ. ಅವರ ಸೂಟ್‌ಕೇಸಿನಲ್ಲಿ ಅಲ್ಲಿಯ ಯಂತ್ರಗಳೂ ಬಂದವು. ಅವುಗಳ ಬಣ್ಣದ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಮೂರನೆಯದು ಎರಡು ಸಾವಿರದ ದಶಕದ ಪ್ಲೇಸ್ಟೇಷನ್ 2. ಅದರ ಮಾತು ಆಮೇಲೆ ಬರುತ್ತದೆ.

ಈಗ ವಿಷಯದ ತಿರುಳಿಗೆ ಬರೋಣ. ಹಳೇ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಚಿತ್ರ ಒಟ್ಟಿಗೆ ಮೂಡುತ್ತಿರಲಿಲ್ಲ. ಟ್ಯೂಬಿನ ಹಿಂಬದಿಯಿಂದ ಎಲೆಕ್ಟ್ರಾನು ಕಿರಣ ಹೊರಟು, ಎಡದಿಂದ ಬಲಕ್ಕೆ ಒಂದು ಗೆರೆ, ಅದರ ಕೆಳಗೆ ಇನ್ನೊಂದು ಗೆರೆ, ಹೀಗೆ ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆ ಎಳೆಯುತ್ತಿತ್ತು. ಮೇಲಿಂದ ಕೆಳಗಿನ ತನಕ ಸೆಕೆಂಡಿಗೆ 50 ಸಲ ಬಂದುಹೋಗುತ್ತಿತ್ತು. ಹಳೇ ಯಂತ್ರ ಕಟ್ಟಿದವರು ಇದನ್ನೇ ನಂಬಿ ಕಟ್ಟಿದರು. ಫ್ಯಾಮಿಕಾಮಿನ ಚಿತ್ರದ ಅಳತೆ ಅಡ್ಡಕ್ಕೆ 256 ಚುಕ್ಕಿ, ಉದ್ದಕ್ಕೆ 240 ಗೆರೆ, ಒಟ್ಟು ಅರವತ್ತೊಂದು ಸಾವಿರ ಚಿಲ್ಲರೆ ಚುಕ್ಕಿ. ಯಂತ್ರದೊಳಗಿನ ಕೆಲಸದ ನೆನಪು 2 ಕಿಲೋಬೈಟು, ಚಿತ್ರಕ್ಕೆಂದು ಮತ್ತೆ 2 ಕಿಲೋಬೈಟು. ಇಷ್ಟರಲ್ಲಿ ಒಂದು ಪೂರ್ತಿ ಚಿತ್ರ ಹಿಡಿಸುವುದೇ ಇಲ್ಲ. ಹಾಗಾಗಿ ಯಾವ ಕ್ಷಣದಲ್ಲಿ ನೋಡಿದರೂ ಆ ಯಂತ್ರದ ಹೊಟ್ಟೆಯಲ್ಲಿ ಇಡೀ ಚಿತ್ರ ಇರುವುದಿಲ್ಲ. ಕಿರಣ ಯಾವ ಚುಕ್ಕಿಯ ಮೇಲಿದೆಯೋ ಆ ಚುಕ್ಕಿಯ ಬಣ್ಣ ಯಾವುದು ಎಂದು ಅದೇ ಗಳಿಗೆಯಲ್ಲಿ ಲೆಕ್ಕ ಹಾಕಿ ಕಳಿಸುತ್ತದೆ. ಟಿವಿ ಅದೇ ಗಳಿಗೆಯಲ್ಲಿ ತೋರಿಸುತ್ತದೆ. ಎರಡರ ನಡುವೆ ಕಾಯುವ ಮಾತೇ ಇಲ್ಲ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಂಥ ಕೆಲಸ ತೆಗೆದವರ ಬುದ್ಧಿಗೆ ನನಗೆ ಇವತ್ತಿಗೂ ಬೆರಗಿದೆ.

ಹೊಸ ಟಿವಿಯ ಸ್ವಭಾವವೇ ಬೇರೆ. ಅದು ಬಂದದ್ದನ್ನೆಲ್ಲ ಮೊದಲು ಒಳಗೆ ಕೂಡಿಹಾಕುತ್ತದೆ, ದೊಡ್ಡದು ಮಾಡುತ್ತದೆ, ಅಂಚು ತೀಡುತ್ತದೆ, ಬಣ್ಣ ತಿದ್ದುತ್ತದೆ, ಆಮೇಲೆ ಇಡೀ ಚಿತ್ರವನ್ನು ಪರದೆಗೆ ಬಿಡುತ್ತದೆ. ರಾಮನವಮಿ ಕಚೇರಿಗಳನ್ನು ಕೇಳಿದವರಿಗೆ ಹೀಗೆ ಹೇಳಬಹುದು: ಹಳೇ ಟಿವಿ ಹಾಡಿನ ಜೊತೆಜೊತೆಗೇ ನುಡಿಸುವ ಮೃದಂಗದವರು, ಹೊಸದು ಇಡೀ ಸಾಲು ಕೇಳಿಸಿಕೊಂಡು, ಅದಕ್ಕೆ ಅಲಂಕಾರ ಹೊಸೆದು, ಆಮೇಲೆ ಕೈ ಇಡುವವರು. ಸಿನಿಮಾಕ್ಕೆ, ಧಾರಾವಾಹಿಗೆ ಈ ತಡದಿಂದ ಯಾವ ನಷ್ಟವೂ ಇಲ್ಲ, ಏಕೆಂದರೆ ಅಲ್ಲಿ ನಮ್ಮ ಕೈ ಸೇರಿರುವುದಿಲ್ಲ. ಆಟದಲ್ಲಿ ಕೈ ಸೇರಿದೆ. ಕೆಲವು ಟಿವಿಗಳಲ್ಲಿ ಮಾಮೂಲಿ ಸೆಟ್ಟಿಂಗಿನಲ್ಲಿ ಈ ತಡ 100 ಮಿಲಿಸೆಕೆಂಡು ದಾಟುತ್ತದೆ. ನಮ್ಮ ಯಂತ್ರ 20 ಮಿಲಿಸೆಕೆಂಡಿಗೆ ಒಂದು ಚಿತ್ರ ಕಳಿಸುತ್ತದೆ. ಅಂದರೆ ಪರದೆಯ ಮೇಲೆ ಕಾಣುತ್ತಿರುವ ಮಾರಿಯೋ ಐದು ಚಿತ್ರದಷ್ಟು ಹಿಂದಿನವನು. ಹಳ್ಳದ ಅಂಚಿನಲ್ಲಿ ಅವನು ನಿಂತಂತೆ ಕಂಡಾಗ ಯಂತ್ರದ ಲೆಕ್ಕದಲ್ಲಿ ಅವನು ಆಗಲೇ ಹಳ್ಳದಲ್ಲಿದ್ದಾನೆ.

ಮಗು ಹೇಳುತ್ತದೆ: "ಅಪ್ಪಾ, ನಾನು ಒತ್ತಿದೆ, ಅವನು ಹಾರಲೇ ಇಲ್ಲ."

ಅಪ್ಪ ಹೇಳುತ್ತಾರೆ: "ನೀನು ಒತ್ತಿದ್ದು ತಡ ಆಯ್ತು ಕಣೋ. ನಾವೆಲ್ಲ ಹೀಗೇ ಆಡ್ತಾ ಇದ್ವಿ."

ಅಪ್ಪಂದಿರೇ, ದಯವಿಟ್ಟು ಕೇಳಿ. ಮಗು ಹೇಳಿದ್ದೇ ನಿಜ. ನೀವು ಹೀಗೆ ಆಡುತ್ತಿರಲಿಲ್ಲ. ನೀವು ಒತ್ತಿದ ಕೂಡಲೇ ಅವನು ಹಾರುತ್ತಿದ್ದ. ಹಳೇ ಯಂತ್ರವನ್ನು ಹೊಸ ಟಿವಿಗೆ ಜೋಡಿಸುವುದೆಂದರೆ ಚಿತ್ರ ಬರಿಸುವುದು ಮಾತ್ರ ಅಲ್ಲ, ಒತ್ತಿದ್ದಕ್ಕೂ ಕಂಡದ್ದಕ್ಕೂ ಇದ್ದ ನಂಟನ್ನು ಆದಷ್ಟು ಮಟ್ಟಿಗೆ ಮರಳಿ ಕೊಡುವುದು. ನಿಮ್ಮ ಟಿವಿಯ ಚಿತ್ರದ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಎಂಬುದು ಸಾಮಾನ್ಯವಾಗಿ ಇರುತ್ತದೆ. ಮೊದಲು ಅದನ್ನು ಹಾಕಿ. ತೀಡುವ, ನುಣುಪು ಮಾಡುವ ಕೆಲಸವನ್ನು ಅದು ಬಹುಮಟ್ಟಿಗೆ ನಿಲ್ಲಿಸುತ್ತದೆ, ತಡ ಬಹಳಷ್ಟು ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಈ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನು ತೂತುಗಳ ವಿಚಾರ. ನಕಲು ಯಂತ್ರಗಳ ಹಿಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು ಆಂಟೆನಾ ವೈರು. ಯಂತ್ರದೊಳಗೆ ಪುಟ್ಟ ಪ್ರಸಾರದ ಡಬ್ಬಿಯೇ ಇದೆ. ಚಿತ್ರ, ಶಬ್ದ ಎರಡನ್ನೂ ಒಂದು ಚಾನೆಲ್ಲಿನ ಅಲೆಗೆ ಏರಿಸಿ ಕಳಿಸುತ್ತದೆ. ರೇಡಿಯೊ ಕೇಳುವ ನಿಮಗೆ ಟ್ಯೂನ್ ಮಾಡುವ ಕೆಲಸ ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿ ಕೇಬಲ್ಲು ಡಿಜಿಟಲ್ ಆಗಲು 2013ರ ಮಾರ್ಚ್ 31ರ ಗಡುವು ಇತ್ತು. ಆಮೇಲೆ ಸೆಟ್‌ಟಾಪ್ ಬಾಕ್ಸು ಬಂದು, ಟಿವಿಯ ಆಂಟೆನಾ ತೂತನ್ನು ಯಾರೂ ನೋಡದಂತಾಯಿತು. ಆದರೂ ನಮ್ಮಲ್ಲಿ ಮಾರುವ ಅನೇಕ ಟಿವಿಗಳಲ್ಲಿ ಅದು ಇನ್ನೂ ಇದೆ, ಮೆನುವಿನಲ್ಲಿ ಅನಲಾಗ್ ಹುಡುಕಾಟವೂ ಇದೆ. ಯಂತ್ರವನ್ನು ಆನ್ ಮಾಡಿ, ಕ್ಯಾಸೆಟ್ ಹಾಕಿ, ಹುಡುಕಾಟ ಕೊಡಿ. ಚಿತ್ರ ಬಂದು ಶಬ್ದದ ಬದಲು ಬರೀ ಗೊರಗೊರ ಕೇಳಿದರೆ ಯಂತ್ರವನ್ನು ಬೈಯಬೇಡಿ. ನಮ್ಮ ಪದ್ಧತಿಯಲ್ಲಿ ಶಬ್ದ ಚಿತ್ರದಿಂದ 5.5 ಮೆಗಾಹರ್ಟ್ಸ್ ದೂರದಲ್ಲಿ ಬರಬೇಕು. ಚೀನಾದ ಪದ್ಧತಿಯಲ್ಲಿ ಅದು 6.5, ಹಾಂಗ್‌ಕಾಂಗಿನಲ್ಲಿ 6. ಯಂತ್ರ ಯಾವ ಊರಿಗೆಂದು ತಯಾರಾಗಿತ್ತೋ ಆ ಅಳತೆ ಅದರಲ್ಲಿ ಉಳಿದಿರುತ್ತದೆ. ಮೆನುವಿನಲ್ಲಿ ಬಿಜಿ ಎಂದಿರುವುದನ್ನು ಡಿಕೆ ಅಥವಾ ಐ ಎಂದು ಬದಲಿಸಿ ನೋಡಿ.

ಎರಡನೆಯ ದಾರಿ ಎವಿ. ಹಳದಿ ಪಿನ್ನಿನಲ್ಲಿ ಚಿತ್ರ, ಬಿಳಿ ಮತ್ತು ಕೆಂಪಿನಲ್ಲಿ ಶಬ್ದ. ನಕಲು ಯಂತ್ರಕ್ಕೆ ಶಬ್ದದ ಪಿನ್ನು ಒಂದೇ ಇರುತ್ತದೆ, ಅದನ್ನು ಟಿವಿಯ ಬಿಳಿ ತೂತಿಗೆ ಕೊಡಿ. ಆಂಟೆನಾಕ್ಕಿಂತ ಇದರ ಚಿತ್ರ ಸ್ವಚ್ಛ. ಟಿವಿಯಲ್ಲಿ ಮೂರು ಬಣ್ಣದ ತೂತು ಕಾಣದಿದ್ದರೆ ನಿರಾಶರಾಗುವ ಮೊದಲು ಎವಿ ಇನ್ ಎಂದು ಬರೆದ, ಇಯರ್‌ಫೋನಿನ ತೂತಿನಂಥ ಒಂದನ್ನು ಹುಡುಕಿ. ಮೂರನ್ನೂ ಅದರೊಳಗೆ ಅಡಗಿಸಿದ್ದಾರೆ. ಅದಕ್ಕೆ ಒಂದು ಗೇಣಿನ ಕವಲು ವೈರು ಬೇಕು. ಟಿವಿಯ ಡಬ್ಬದಲ್ಲಿ ಬಂದಿದ್ದೀತು, ಅದೇ ಡಬ್ಬದ ಜೊತೆ ಹೋಗಿಯೂ ಇದ್ದೀತು. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಪಿನ್ನಿನ ಉಂಗುರಗಳಲ್ಲಿ ಚಿತ್ರ ಯಾವುದು, ಶಬ್ದ ಯಾವುದು, ನೆಲ ಯಾವುದು ಎಂಬ ಕ್ರಮದಲ್ಲಿ ಕಂಪನಿಗಳು ಒಮ್ಮತಕ್ಕೆ ಬಂದಿಲ್ಲ. ಹೊಸ ಕವಲು ಹಾಕಿದಾಗ ಪರದೆ ಕಪ್ಪಾಗಿದ್ದು, ಸ್ಪೀಕರಿನಲ್ಲಿ ಗುಂಯ್ ಎಂದು ಕೇಳಿದರೆ, ಚಿತ್ರ ಶಬ್ದದ ದಾರಿಗೆ ಹೋಗಿದೆ ಎಂದು ಅರ್ಥ. ಯಂತ್ರದ ಹಳದಿ ಪಿನ್ನನ್ನು ಕವಲಿನ ಕೆಂಪಿಗೆ, ಆಮೇಲೆ ಬಿಳಿಗೆ ಕೊಟ್ಟು ನೋಡಿ. ಏನೂ ಸುಡುವುದಿಲ್ಲ. ಬಹುಪಾಲು ಅಲ್ಲೇ ಚಿತ್ರ ಬಂದುಬಿಡುತ್ತದೆ. ಇನ್ನು ಕೆಲವು ಟಿವಿಗಳಲ್ಲಿ ಹಸಿರು ತೂತಿನ ಸುತ್ತ ಹಳದಿ ಗೆರೆ ಇರುತ್ತದೆ, ಹಳದಿ ಪಿನ್ನು ಸೇರಬೇಕಾದದ್ದು ಅದಕ್ಕೇ.

ಎಚ್‌ಡಿಎಂಐ ಬಿಟ್ಟು ಬೇರೆ ಏನೂ ಇಲ್ಲದ ಟಿವಿಗೆ ಮಾತ್ರ ಪರಿವರ್ತಕ ಬೇಕು. ಇಲ್ಲಿ ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ಮುಖ್ಯ: "ಎವಿ ಟು ಎಚ್‌ಡಿಎಂಐಯೋ, ಎಚ್‌ಡಿಎಂಐ ಟು ಎವಿಯೋ? ಸರಿಯಾಗಿ ಹೇಳಿ ಸಾರ್, ಎರಡೂ ಒಂದೇ ಥರ ಕಾಣುತ್ವೆ." ನಿಜವಾಗಿಯೂ ಒಂದೇ ಥರ ಕಾಣುತ್ತವೆ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ನಮಗೆ ಬೇಕಾದ್ದು ಎವಿ ಒಳಗೆ ಹೋಗಿ ಎಚ್‌ಡಿಎಂಐ ಹೊರಗೆ ಬರುವುದು. ಅದಕ್ಕೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ವಿದ್ಯುತ್ ಕೊಡಬೇಕು.

ಕೆಲವು ನೂರು ರೂಪಾಯಿಯ ಈ ಡಬ್ಬಿ ಚಿತ್ರ ತೋರಿಸುತ್ತದೆ, ಆದರೆ ಒಂದು ಸೂಕ್ಷ್ಮವನ್ನು ಹಾಳು ಮಾಡುತ್ತದೆ. ದೂರದರ್ಶನದ ಚಿತ್ರ ಎರಡು ಕಂತಿನಲ್ಲಿ ಬರುತ್ತಿತ್ತು, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಹಳೇ ಆಟದ ಯಂತ್ರ ಹಾಗೆ ಮಾಡದೆ ಪ್ರತಿಸಲವೂ ಅದೇ ಗೆರೆಗಳ ಮೇಲೆ ಚಿತ್ರ ಬಿಡಿಸುತ್ತದೆ. ಟ್ಯೂಬು ಇದನ್ನು ತಕರಾರಿಲ್ಲದೆ ಒಪ್ಪುತ್ತಿತ್ತು. ಅಗ್ಗದ ಡಬ್ಬಿಗೆ ಇದು ಗೊತ್ತಾಗುವುದಿಲ್ಲ. ಬಂದದ್ದು ಅರ್ಧ ಚಿತ್ರ ಎಂದುಕೊಂಡು ಮುಂದಿನದನ್ನು ಇದಕ್ಕೆ ಹೆಣೆಯುತ್ತದೆ. ಅದರ ಫಲ ಕಾಂಟ್ರಾದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ಗೊಂಬೆತುಂಡುಗಳನ್ನು ಯಂತ್ರದ ಚಿತ್ರದ ಚಿಪ್ಪು ತೋರಿಸಲಾರದು. ಹಾಗಾಗಿ ಗುಂಡು, ಶತ್ರು ಹೆಚ್ಚಾದಾಗ ಆಟವು ಒಂದು ಚಿತ್ರದಲ್ಲಿ ಕೆಲವನ್ನು, ಮುಂದಿನದರಲ್ಲಿ ಮಿಕ್ಕವನ್ನು ತೋರಿಸಿ ಕಣ್ಣಿಗೆ ಎಲ್ಲವೂ ಇರುವಂತೆ ಮಿಣುಕಿಸುತ್ತದೆ. ಡಬ್ಬಿ ಎರಡು ಚಿತ್ರಗಳನ್ನು ಬೆರೆಸಿದಾಗ ಮಿಣುಕಬೇಕಾದ ಗುಂಡು ಮಾಯವಾಗುತ್ತದೆ. ಕಾಣದ ಗುಂಡಿಗೆ ಆಟಗಾರ ಸಾಯುತ್ತಾನೆ.

ಇದನ್ನು ಅರಿತು ಮಾಡಿದ ಯಂತ್ರಗಳೂ ಇವೆ. ಫಿನ್‌ಲೆಂಡಿನಲ್ಲಿ ಹುಟ್ಟಿದ ಓಎಸ್ಎಸ್‌ಸಿ ಎಂಬುದು ಚಿತ್ರವನ್ನು ಕೂಡಿಹಾಕದೆ ಬಂದ ಗೆರೆಯನ್ನು ಬಂದ ಹಾಗೇ ದ್ವಿಗುಣ, ತ್ರಿಗುಣ ಮಾಡಿ ಕಳಿಸುತ್ತದೆ, ತಡ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹಳದಿ ಪಿನ್ನನ್ನು ಅದು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ರೆಟ್ರೋಟಿಂಕ್ ಯಂತ್ರಗಳಲ್ಲಿ ಹಳದಿಯನ್ನೂ ಒಪ್ಪುವವು ಇವೆ. 240 ಗೆರೆಯನ್ನು 1080 ಗೆರೆಯ ಟಿವಿಗೆ ಹಿಗ್ಗಿಸಿದರೆ ಒಂದಕ್ಕೆ ನಾಲ್ಕೂವರೆ, ಆ ಅರ್ಧ ಗೆರೆ ಕಿರಿಕಿರಿ. 4ಕೆ ಪರದೆಯ 2160 ಗೆರೆಗೆ ಹಿಗ್ಗಿಸಿದರೆ ಸರಿಯಾಗಿ ಒಂದಕ್ಕೆ ಒಂಬತ್ತು, ಶೇಷವಿಲ್ಲ. ಇವು ಹೊರದೇಶದಿಂದ ತರಿಸಬೇಕಾದ ದುಬಾರಿ ಸಾಮಾನು, ಸುಂಕ ಬೇರೆ. ಹತ್ತಾರು ಯಂತ್ರ ಇಟ್ಟುಕೊಂಡವರಿಗೆ ಸರಿ. ರಜೆಯಲ್ಲಿ ನಾಲ್ಕು ದಿನ ಆಡುವ ಮನೆಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಟಿವಿಯದೇ ಎವಿ ತೂತು ಇದ್ದರೆ ಮೊದಲು ಅದರಲ್ಲಿ ನೋಡಿ, ಅನೇಕ ಸಲ ಅದು ಅಗ್ಗದ ಡಬ್ಬಿಗಿಂತ ಚೆನ್ನಾಗಿ ನಡೆಸುತ್ತದೆ.

ಚಿತ್ರ ಬಂದ ಮೇಲೆ ಇನ್ನೊಂದು ಸಣ್ಣ ಕೆಲಸ. ಹಳೇ ಪರದೆಯ ಅಳತೆ ನಾಲ್ಕಕ್ಕೆ ಮೂರು, ಹೊಸದು ಹದಿನಾರಕ್ಕೆ ಒಂಬತ್ತು. ಹಾಗೇ ಬಿಟ್ಟರೆ ಚಿತ್ರ ಅಡ್ಡಕ್ಕೆ ಮೂರನೇ ಒಂದು ಪಾಲು ಹಿಗ್ಗಿ ಎಲ್ಲರೂ ದಪ್ಪಗಾಗುತ್ತಾರೆ. ಚಿತ್ರದ ಅಳತೆಯಲ್ಲಿ 4:3 ಆರಿಸಿ. ಎರಡು ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಪ್ಲೇಸ್ಟೇಷನ್ 2ರ ಮಾತಿಗೆ ಬಂದೆ. 2000ದ ಮಾರ್ಚಿನಲ್ಲಿ ಜಪಾನಿನಲ್ಲಿ ಹೊರಬಂದ ಈ ಯಂತ್ರ ಜಗತ್ತಿನಲ್ಲಿ 15 ಕೋಟಿಗೂ ಮೀರಿ ಮಾರಾಟವಾಯಿತು. ಭಾರತದಲ್ಲೇ ತಯಾರಾದ ಆಟಗಳು ಇದಕ್ಕೆ ಬಂದವು. 2009ರಲ್ಲಿ ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ಮಾಡಿದ ಹನುಮಾನ್ ಆಟ ಬಂತು. ಅದೇ ವರ್ಷ ದೇಸಿ ಅಡ್ಡಾ ಎಂಬ ಡಿಸ್ಕು ಬಂತು, ಅದರಲ್ಲಿ ಕಬಡ್ಡಿ ಇತ್ತು, ನಮ್ಮ ಚಿನ್ನಿದಾಂಡು ಇತ್ತು. ಇಂಥ ಡಿಸ್ಕು ನಿಮ್ಮ ಡಬ್ಬದಲ್ಲಿದ್ದರೆ ಜೋಪಾನ ಮಾಡಿ. ನಮ್ಮ ನೆಲದವರು ಆಟ ಕಟ್ಟಲು ಕಲಿತ ಕಾಲದ ದಾಖಲೆ ಅದು, ಆ ಯಂತ್ರ ಉಳಿದರೆ ಅದೂ ಉಳಿಯುತ್ತದೆ.

ಈ ಯಂತ್ರಕ್ಕೆ ಹಳದಿ ಪಿನ್ನಿಗಿಂತ ಉತ್ತಮ ದಾರಿಯಿದೆ: ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್ ವೈರು. ಪ್ಲೇಸ್ಟೇಷನ್ 3ರ ವೈರೂ ಇದಕ್ಕೆ ಸಿಕ್ಕಿಕೊಳ್ಳುತ್ತದೆ. ಅಕ್ಷರ ಓದುವಂತಾಗುತ್ತದೆ, ಕೆಂಪು ಬಣ್ಣ ಹರಡುವುದು ನಿಲ್ಲುತ್ತದೆ. ಆದರೆ ಹೊಸ ವೈರು ಹಾಕುವ ಮೊದಲು ಹಳದಿ ವೈರಿನಲ್ಲೇ ಆನ್ ಮಾಡಿ, ಡಿಸ್ಕಿಲ್ಲದೆ ಬರುವ ಮೆನುವಿಗೆ ಹೋಗಿ, ಕಾಂಪೊನೆಂಟ್ ವಿಡಿಯೋ ಎಂಬಲ್ಲಿ ಆರ್‌ಜಿಬಿ ಇರುವುದನ್ನು ವೈ ಎಂದು ಶುರುವಾಗುವ ಇನ್ನೊಂದಕ್ಕೆ ಬದಲಿಸಿ. ಬದಲಿಸದೆ ಹಾಕಿದರೆ ಬಣ್ಣ ಕೆಟ್ಟ ಚಿತ್ರ ಬಂದು, ವೈರು ಸರಿಯಿಲ್ಲ ಎಂದು ಜನ ಅಂಗಡಿಗೆ ವಾಪಸು ಹೋಗುತ್ತಾರೆ.

ಎಷ್ಟು ಖರ್ಚು ಮಾಡಿದರೂ ಹೊಸ ಟಿವಿಯಲ್ಲಿ ಆಗದ ಒಂದು ಆಟವಿದೆ, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್. ಕುದುರೆ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಅದನ್ನು ಆ ಗಳಿಗೆಯಲ್ಲೇ ಕಂಡರೆ ಗುರಿ ತಾಕಿದಂತೆ. ಬಂದೂಕು ಬೆಳಕು ಉಗುಳುವುದಿಲ್ಲ, ಬೆಳಕು ನೋಡುತ್ತದೆ. ಅದೂ ಕಿರಣದ ಟ್ಯೂಬಿನ ಸೆಕೆಂಡಿಗೆ ಹದಿನೈದು ಸಾವಿರ ಗೆರೆಯ ಮಿಡಿತವಿರುವ ಬೆಳಕನ್ನೇ ಗುರುತಿಸುವಂತೆ ಅದನ್ನು ಮಾಡಿದ್ದಾರೆ. ಚಪ್ಪಟೆ ಟಿವಿಯಲ್ಲಿ ಚೌಕ ತಡವಾಗಿ ಮೂಡುತ್ತದೆ, ಆ ಮಿಡಿತವೂ ಇರುವುದಿಲ್ಲ. ಇದಕ್ಕೆ ಟ್ಯೂಬಿನ ಟಿವಿಯೇ ಬೇಕು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯೇ 1970ರಿಂದ ಕಪ್ಪು-ಬಿಳುಪು ಟಿವಿಗೆ ಪಿಕ್ಚರ್ ಟ್ಯೂಬ್ ಮಾಡುತ್ತಿತ್ತು. ಈಗ ಟ್ಯೂಬಿನ ಟಿವಿ ಹೊಸದಾಗಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲೋ, ಬನಶಂಕರಿಯ ಅಜ್ಜಿ ಮನೆಯಲ್ಲೋ ನಡೆಯುವ ಸ್ಥಿತಿಯ 14 ಇಂಚಿನದೊಂದು ಉಳಿದಿದ್ದರೆ ಬಂದೂಕಿನ ಸಲುವಾಗಿಯಾದರೂ ಇಟ್ಟುಕೊಳ್ಳಿ. ಅದರ ಹಿಂಬದಿಯ ಮುಚ್ಚಳ ಮಾತ್ರ ನೀವು ತೆಗೆಯಬೇಡಿ. ಆಫ್ ಮಾಡಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ನಿಂತಿರಬಹುದು. ಅದು ಟಿವಿ ರಿಪೇರಿ ಬಲ್ಲವರ ಕೆಲಸ.

ವಿದ್ಯುತ್ತಿನ ಮಾತು ಬಂದಾಗ ಅಮೆರಿಕದ ಯಂತ್ರದವರಿಗೆ ಎಚ್ಚರಿಕೆ. ಅಲ್ಲಿಯ ಹಳೇ ಅಡಾಪ್ಟರು 120 ವೋಲ್ಟಿನದು, ನಮ್ಮ ಗೋಡೆಯಲ್ಲಿ 230. ನೇರ ಹಾಕಿದರೆ ಸುಟ್ಟೀತು. ದಪ್ಪ ಪ್ಲೇಸ್ಟೇಷನ್ 2ಕ್ಕೆ ಪವರ್ ಸಪ್ಲೈ ಒಳಗೇ ಇದೆ, ಅಮೆರಿಕದ್ದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ತೆಳುವಾದ ಪ್ಲೇಸ್ಟೇಷನ್ 2ಕ್ಕೆ ಹೊರಗೆ ಅಡಾಪ್ಟರು ಇದ್ದರೆ ಅದು 100ರಿಂದ 240 ವೋಲ್ಟಿಗೂ ಸೈ. ನಿಂಟೆಂಡೊದ ಅಮೆರಿಕನ್ ಯಂತ್ರದ ಅಡಾಪ್ಟರು 9 ವೋಲ್ಟ್ ಎಸಿ ಕೊಡುತ್ತದೆ, ಜಪಾನಿನ ಫ್ಯಾಮಿಕಾಮಿಗೆ ಬೇಕಾದದ್ದು ಡಿಸಿ, ಅದೂ ನಡುವಿನ ಪಿನ್ನು ಋಣ. ಪಿನ್ನು ಹೊಂದಿತು ಎಂದು ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು. ಬಣ್ಣದ ಪದ್ಧತಿಯ ತೊಂದರೆ ಮಾತ್ರ ಈಗಿಲ್ಲ. ಹಿಂದೆ ಎನ್‌ಟಿಎಸ್‌ಸಿ ಯಂತ್ರ ನಮ್ಮ ಎಷ್ಟೋ ಟಿವಿಗಳಲ್ಲಿ ಕಪ್ಪು-ಬಿಳುಪಾಗಿ ಬರುತ್ತಿತ್ತು, ಹೊಸ ಟಿವಿಗಳು ಸಾಮಾನ್ಯವಾಗಿ ಎರಡನ್ನೂ ಬಣ್ಣದಲ್ಲೇ ತೋರಿಸುತ್ತವೆ.

ಕ್ಯಾಸೆಟ್ಟಿಗೆ ಬಾಯಿಂದ ಊದುವ ಅಭ್ಯಾಸ ನಮ್ಮ ಇಡೀ ತಲೆಮಾರಿಗೆ ಇತ್ತು. ಉಸಿರಿನ ತೇವ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿಸುತ್ತದೆ. ಹತ್ತಿಯ ಕಡ್ಡಿಗೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಲ್ಲು ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಸತ್ತಿವೆ ಎಂದುಕೊಂಡ ಎಷ್ಟೋ ಕ್ಯಾಸೆಟ್ಟುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಹೊರದೇಶದಿಂದ ತರಿಸಬೇಕಾದ್ದನ್ನು ಬಿಟ್ಟು ಈ ಸಾಮಾನೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರದವರು ಹಸಿರು ಮಾರ್ಗದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ. ಬಿಟಿಎಂನವರು ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಬದಲಿಸಬಹುದು. ಹೋಗುವಾಗ ಟಿವಿಯ ಹಿಂಬದಿಯ ಫೋಟೊ, ಯಂತ್ರದ ಹಿಂಬದಿಯ ಫೋಟೊ ಮೊಬೈಲಿನಲ್ಲಿರಲಿ, ಅಡಾಪ್ಟರು ಕೈಯಲ್ಲಿರಲಿ. ಭಾನುವಾರ ಅಲ್ಲಿ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆ ಹೋಗಿ.